ಏಷ್ಯನ್ ಬ್ಯಾಡ್ಮಿಂಟನ್ ಚಾಂಪಿಯನ್‌ಶಿಪ್‌ನ ಪ್ರಕಾಶ್ ಪಡುಕೋಣೆ ಯಾಕೆ ಗೆದ್ದಿಲ್ಲ?

ಮಂಡ್ಯ ಕಾಕ್:
ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಷಟಲ್ ಆಡಿ, ಆಮೇಲೆ ಟೀ ಅಂಗಡಿ ಮುಂದೆ ಅಷ್ಟೇ ಹೊತ್ತು ಬಾಯಾಟ ಆಡೋದು ಮಂಡ್ಯದ ನಮ್ಮ ಗುಂಪಿನ ಪದ್ಧತಿ. ಮೊನ್ನೆ ನಮ್ಮಲ್ಲಿ ಹಿರೀಕರೊಬ್ಬರು, "ಏಷ್ಯನ್ ಚಾಂಪಿಯನ್‌ಶಿಪ್ ಸಿಂಗಲ್ಸ್‌ನ ನಮ್ಮ ಪ್ರಕಾಶ್ ಪಡುಕೋಣೆ ಗೆದ್ದವ್ರೆ, ಬೇಕಾದ್ರೆ ಬಾಜಿ ಕಟ್ಟು" ಅಂದ್ರು. ಮೊಬೈಲ್‌ನಲ್ಲಿ ಹುಡುಕಿದೆ, ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ತೋರಿಸಿದ್ರೆ, "ಆ ಪಟ್ಟಿ ಮಾಡ್ದೋನಿಗೆ ಏನ್ಲಾ ಗೊತ್ತು?" ಅಂತಾರೆ. 1980ರಲ್ಲಿ ಆಲ್ ಇಂಗ್ಲೆಂಡ್ ಅನ್ನೋ ಅಷ್ಟು ದೊಡ್ಡ ಟೂರ್ನಿ ಗೆದ್ದೋರಿಗೆ ಏಷ್ಯಾ ಪಟ್ಟ ಸಿಗದೇ ಹೋಗಿದ್ದು ಹೆಂಗೆ? ಹಾಗಾದ್ರೆ ನಮ್ಮೋರು ಯಾರೂ ಗೆದ್ದೇ ಇಲ್ವಾ? ತಿಳಿದೋರು ಹೇಳಿ.

ಡ್ರಾಪ್‌ಶಾಟ್:
ಗೆದ್ದಿದ್ದಾರೆ. ದಿನೇಶ್ ಖನ್ನಾ, 1965, ಲಕ್ನೋ. ಬಾಜಿ ಕಟ್ಟಿದ್ರೆ ದುಡ್ಡು ಇಸ್ಕೊಳ್ಳಿ.

ಗಟ್ಟಿಂಗ್ ಅಂಗಡಿ, ಮೈಸೂರು:
ರ್ಯಾಕೆಟ್‌ಗೆ ಗಟ್, ಅಂದ್ರೆ ಬಲೆಯ ದಾರ, ಹಾಕೋದು ನನ್ನ ಕಸುಬು. ಕೈಗೆ ಕೆಲಸ ಇದ್ರೂ ಬಾಯಿ ಖಾಲಿ ಇರುತ್ತಲ್ಲ, ಹಾಗಾಗಿ ಈ ಜಗಳ ನನ್ನ ಅಂಗಡಿಯಲ್ಲೂ ಆಗಾಗ ಬಗೆಹರಿಸಿದ್ದೀನಿ. ಪ್ರಕಾಶ್ ಅವರ ಆಟ ಏರಿದ್ದ ವರ್ಷಗಳಲ್ಲಿ ಆ ಟೂರ್ನಿಯೇ ನಡೀಲಿಲ್ಲ. ಇಷ್ಟೇ ಸಮಾಚಾರ.

ಏಷ್ಯನ್ ಬ್ಯಾಡ್ಮಿಂಟನ್ ಒಕ್ಕೂಟ ಹುಟ್ಟಿದ್ದು 1959ರಲ್ಲಿ. ಮೊದಲ ಚಾಂಪಿಯನ್‌ಶಿಪ್ 1962, ಕೌಲಾಲಂಪುರ. ಆಮೇಲೆ 1965 ಲಕ್ನೋ, 1969 ಮನಿಲಾ, 1971 ಜಕಾರ್ತ, 1976 ಹೈದರಾಬಾದ್, 1983 ಕಲ್ಕತ್ತಾ, 1985ಕ್ಕೆ ಪುನಃ ಕೌಲಾಲಂಪುರ. ಮಧ್ಯೆ ಮಧ್ಯೆ ಎಷ್ಟೆಷ್ಟು ವರ್ಷ ಬಿಟ್ಟುಹೋಗಿದೆ ನೋಡಿ. ಈಗಿನವರು ವರ್ಷಾವರ್ಷಾ ಏಪ್ರಿಲ್ ಬಂತು ಅಂದ್ರೆ ಏಷ್ಯನ್ ಚಾಂಪಿಯನ್‌ಶಿಪ್ ಅಂದ್ಕೊಂಡಿದ್ದಾರೆ. ಆಗ ಯಾರಾದ್ರೂ ಮನಸ್ಸು ಮಾಡಿ ನಡೆಸಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ.

ಈಗ ಪ್ರಕಾಶ್ ಅವರ ಲೆಕ್ಕ ತಗೊಳ್ಳಿ. ಹುಟ್ಟಿದ್ದು 1955. ಜಕಾರ್ತದ ಟೂರ್ನಿ ಹೊತ್ತಿಗೆ ಅವರಿನ್ನೂ ಹೈಸ್ಕೂಲು ದಾಟೋ ವಯಸ್ಸಿನ ಹುಡುಗ, ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ ಆಡ್ತಿದ್ದವರು. ಅದು ಮದುವೆ ಮಾಡೋ ಹಾಲು ಕಣ್ರೀ, ಮುಹೂರ್ತ ಇದ್ದ ದಿನ ಆಟ ಬಂದ್! ಹೈದರಾಬಾದ್ ಹೊತ್ತಿಗೆ 21. ಅದಾದ ಮೇಲೆ ಬಂದದ್ದೇ ಅವರ ಕಾಲ: 1978ರಲ್ಲಿ ಎಡ್ಮಂಟನ್‌ನಲ್ಲಿ ಕಾಮನ್‌ವೆಲ್ತ್ ಚಿನ್ನ, 1980ರಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನ ಸೋಲಿಸಿ ಆಲ್ ಇಂಗ್ಲೆಂಡ್, 1981ರಲ್ಲಿ ಕೌಲಾಲಂಪುರದಲ್ಲಿ ಚೀನಾದ ಹಾನ್ ಜಿಯಾನ್ ವಿರುದ್ಧ ವಿಶ್ವಕಪ್. ಮೂರೂ 1976ಕ್ಕೂ 1983ಕ್ಕೂ ನಡುವಿನ ಖಾಲಿ ಜಾಗದಲ್ಲೇ ಬಂದಿವೆ. ಆ ದಿನಗಳಲ್ಲಿ ಬ್ಯಾಡ್ಮಿಂಟನ್ ಲೋಕ ಬೇರೆ ಎರಡು ಮನೆ ಆಗಿತ್ತು. 1978ರಲ್ಲಿ ಹಳೇ ಅಂತರರಾಷ್ಟ್ರೀಯ ಫೆಡರೇಷನ್‌ಗೆ ಎದುರಾಗಿ ಇನ್ನೊಂದು ವಿಶ್ವ ಫೆಡರೇಷನ್ ಎದ್ದು ನಿಂತು, 1981ರಲ್ಲಿ ಎರಡೂ ರಾಜಿ ಆದವು. ಅಂಥ ಗಲಾಟೆ ನಡುವೆ ಯಾರು ಎಲ್ಲಿ ಆಡಬಹುದು ಅನ್ನೋದೇ ಒಂದು ತಲೆನೋವು.

ನಿಮ್ಮ ಹಿರೀಕರಿಗೆ ಬೇಜಾರಾಗೋದು ಬೇಡ. ಆದ್ರೆ ಖನ್ನಾ ಅವರ ಹೆಸರನ್ನ ನುಂಗಿಹಾಕೋದು ಸರಿಯಲ್ಲ. ಪಂಜಾಬಿನವರು, ಆಗ ಅವರಿಗೆ 22. ಲಕ್ನೋ ಫೈನಲ್‌ನಲ್ಲಿ ಥಾಯ್ಲೆಂಡಿನ ಸಂಗೋಬ್ ರತ್ತನುಸೋರ್ನ್ ಅವರನ್ನ 15-3, 15-11ರಲ್ಲಿ ಸೋಲಿಸಿದರು. ಮರುವರ್ಷ ಕಿಂಗ್‌ಸ್ಟನ್ ಕಾಮನ್‌ವೆಲ್ತ್‌ನಲ್ಲಿ ಕಂಚು. ಅರ್ಜುನ ಪ್ರಶಸ್ತಿನೂ ಬಂತು. ಇಷ್ಟಾದ್ರೂ ನಮ್ಮ ಕಡೆ ಕೋರ್ಟ್‌ಗಳಲ್ಲಿ ಅವರ ಹೆಸರು ಎತ್ತೋರೇ ಅಪರೂಪ.

ಆ ಕಾಲದ ಒಂದು ರ್ಯಾಕೆಟ್ ನನ್ನ ಅಂಗಡಿ ಗೋಡೆ ಮೇಲಿದೆ. ಗಿರಾಕಿಯೊಬ್ಬರು ಮನೆ ಖಾಲಿ ಮಾಡುವಾಗ ಕೊಟ್ಟು ಹೋಗಿದ್ದು. ದಂಡ ಸ್ಟೀಲು, ತಲೆ ಮರದ್ದು. ಜೊತೆಗೆ ಒಂದು ಪ್ರೆಸ್ಸು: ಎರಡು ಮರದ ಚೌಕಟ್ಟು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಆಟ ಮುಗಿದ ತಕ್ಷಣ ತಲೆಯನ್ನ ಅದರೊಳಗಿಟ್ಟು ತಿರುಪು ಬಿಗೀಬೇಕು. ಮರೆತು ಹಾಗೇ ಬಿಟ್ರೆ ಆಷಾಢದ ಥಂಡಿಗೆ ಸೊಟ್ಟಗಾಗಿ ಹಪ್ಪಳದ ಹಾಗೆ ಮುದುರಿಕೊಳ್ಳುತ್ತೆ. ಈಗಿನ ಹುಡುಗರು "ಅಂಕಲ್, 28 ಪೌಂಡ್ ಹಾಕಿ" ಅಂತಾರಲ್ಲ, ಅಷ್ಟು ಬಿಗಿ ಕೊಟ್ರೆ ಆ ಮರ ಮೆಷಿನ್ ಮೇಲೇ ಸೀಳಿಹೋಗುತ್ತೆ.

ಮಂಡ್ಯ ಕಾಕ್:
ಇಸವಿ ಸಮೇತ ಓದಿ ಹೇಳ್ದೆ ಅಣ್ಣ. "ಹಂಗಾದ್ರೆ ಟೂರ್ನಿ ನಡೆಸದೇ ಇದ್ದಿದ್ದು ಅವರ ತಪ್ಪು, ನಮ್ಮೋರು ಗೆದ್ದಂಗೇ ಲೆಕ್ಕ" ಅಂದ್ಬಿಟ್ರು. ಏನ್ ಮಾಡಾಣ?

ಸರಸ್ವತೀಪುರಂ ಸ್ಮಿತಾ:
ಟೀ ಅವರ ಕೈಲೇ ಕೊಡಿಸಿ, ಬಿಡಬೇಡಿ.

ಖನ್ನಾ ಅವರ ಚಿನ್ನ ಆದ್ಮೇಲೆ ಭಾರತಕ್ಕೆ ಇನ್ನೊಂದು ಚಿನ್ನ ಬರೋಕೆ ನಾವು 58 ವರ್ಷ ಕಾದಿದ್ದೀವಿ ಅನ್ನೋದೂ ಸೇರಿಸ್ತೀನಿ. 2023ರ ಏಪ್ರಿಲ್ 30, ದುಬೈ, ಪುರುಷರ ಡಬಲ್ಸ್. ಸಾತ್ವಿಕ್‌ಸಾಯಿರಾಜ್ ಮತ್ತು ಚಿರಾಗ್ ಶೆಟ್ಟಿ, ಎದುರಿಗೆ ಮಲೇಷ್ಯಾದ ಓಂಗ್ ಯೂ ಸಿನ್, ಟಿಯೊ ಈ ಯಿ. ಮೊದಲ ಗೇಮ್ 16-21 ಹೋಯ್ತು. ಎರಡನೇದು 21-17, ಮೂರನೇದು 21-19. ಮೂರನೇ ಗೇಮ್ ಹೊತ್ತಿಗೆ ನಮ್ಮನೇಲಿ ಅನ್ನ ತಳ ಹಿಡಿದಿತ್ತು, ಯಾರೂ ಏಳಲಿಲ್ಲ. ಆ ವಿಭಾಗದಲ್ಲಿ ಅದಕ್ಕೆ ಮುಂಚೆ ನಮಗಿದ್ದದ್ದು 1971ರಲ್ಲಿ ದೀಪು ಘೋಷ್, ರಮಣ್ ಘೋಷ್ ತಂದ ಕಂಚು ಒಂದೇ.

ಹೆಣ್ಣುಮಕ್ಕಳನ್ನ ಯಾರೂ ಎತ್ತಲೇ ಇಲ್ಲ! ಸೈನಾ ಮೂರು ಸಲ ಕಂಚು ತಂದಿದ್ದಾರೆ: 2010ರಲ್ಲಿ ದೆಹಲಿಯಲ್ಲೇ, ಆಮೇಲೆ 2016, 2018 ವುಹಾನ್. ಸಿಂಧು 2014ರಲ್ಲಿ, 2022ರಲ್ಲಿ. 2024ರ ಫೆಬ್ರವರಿಯಲ್ಲಿ ಷಾ ಆಲಂನಲ್ಲಿ ನಮ್ಮ ಮಹಿಳೆಯರು ಥಾಯ್ಲೆಂಡನ್ನ 3-2ರಲ್ಲಿ ಸೋಲಿಸಿ ಚಿನ್ನ ತಂದ್ರಲ್ಲ, ಅದು ಏಷ್ಯಾ ತಂಡಗಳ ಚಾಂಪಿಯನ್‌ಶಿಪ್, ಬೇರೆ ಟೂರ್ನಿ. ಜನ ಎರಡನ್ನೂ ಕಲಸಿಬಿಡ್ತಾರೆ.

ಗಟ್ಟಿಂಗ್ ಅಂಕಲ್, ಒಂದು ಅನುಮಾನ. ಫೈನಲ್‌ನಲ್ಲಿ 15-3 ಅಂದ್ರೆ ಎದುರಾಳಿ ಅಷ್ಟೊಂದು ಸಪ್ಪೆನಾ?

ಗಟ್ಟಿಂಗ್ ಅಂಗಡಿ, ಮೈಸೂರು:
ಸ್ಕೋರ್ ಒಂದನ್ನೇ ನೋಡಿ ಹಾಗೆ ಹೇಳೋಕಾಗಲ್ಲಮ್ಮ. ಆಗ ಸರ್ವೀಸ್ ನಿನ್ನ ಕೈಲಿದ್ರೆ ಮಾತ್ರ ಪಾಯಿಂಟು. ಎದುರಿನವನು ಸರ್ವ್ ಮಾಡಿದಾಗ ನೀನು ರ್ಯಾಲಿ ಗೆದ್ರೆ "ಸರ್ವೀಸ್ ಓವರ್" ಅಂತಾರೆ, ಸರ್ವೀಸ್ ನಿನಗೆ ಬರುತ್ತೆ, ಬೋರ್ಡ್ ಅಲ್ಲಾಡಲ್ಲ. ಹೀಗೆ ಸರ್ವೀಸ್ ಆ ಕಡೆ ಈ ಕಡೆ ಓಡಾಡ್ತಾ ಒಂದು ಪಾಯಿಂಟೂ ಏರದೆ ಇಬ್ಬರೂ ಬೆವರು ಹರಿಸ್ತಿದ್ರು. ಅವನು ಗೆದ್ದ ಎಷ್ಟೋ ರ್ಯಾಲಿ ಆ 3ರೊಳಗೆ ಕಾಣೋದೇ ಇಲ್ಲ.

ಇನ್ನೊಂದು ಚಂದ ಇತ್ತು. 13-13 ಆದ್ರೆ, ಮೊದಲು 13 ಮುಟ್ಟಿದವನು "ಸೆಟ್" ಕೇಳಬಹುದಿತ್ತು. ಅಲ್ಲಿಂದ ಇನ್ನೂ 5 ಪಾಯಿಂಟ್ ಆಟ, ಅಂದ್ರೆ ಗೇಮ್ 15ರ ಬದಲು 18ಕ್ಕೆ. ಮೇಲೆ ಹೇಳಿದ 1981ರ ವಿಶ್ವಕಪ್ ಫೈನಲ್ ಸ್ಕೋರು 15-0, 18-16. ಆ 18 ಬಂದದ್ದು ಹಾಗೆ. ಮೊದಲ ಗೇಮ್‌ನಲ್ಲಿ ಸೊನ್ನೆಗೆ ಬಿದ್ದ ಹಾನ್ ಜಿಯಾನ್ ಎರಡನೇದರಲ್ಲಿ ಎಷ್ಟು ಕಾಡಿರಬೇಕು ಲೆಕ್ಕ ಹಾಕು.

2006ರಲ್ಲಿ ಇದೆಲ್ಲ ತೆಗೆದು, ಯಾರೇ ಸರ್ವ್ ಮಾಡಲಿ ಪ್ರತಿ ರ್ಯಾಲಿಗೂ ಪಾಯಿಂಟ್, 21ಕ್ಕೆ ಗೇಮ್ ಅಂತ ಮಾಡಿದ್ರು. ಎಳೆದಾಡಿದ್ರೂ 29-29 ಆದ ಮೇಲೆ ಒಂದೇ ಪಾಯಿಂಟು, 30ಕ್ಕೆ ಮುಗೀತು. ಟಿವಿಯವರಿಗೆ ಅನುಕೂಲ. ನನಗೇನೋ ಹಳೇ ಪದ್ಧತಿಯೇ ರುಚಿ, ಆದ್ರೆ ಅದರಲ್ಲಿ ಮೂರು ಗೇಮ್ ಆಡಿ ಎದ್ದವರನ್ನ ಕೇಳಿದ್ರೆ ಬೇರೆ ಹೇಳ್ತಾರೋ ಏನೋ.