ಅಪ್‌ಡೇಟ್: 4ಕೆ ಮಾನಿಟರ್ ಹಾಕಿದರೆ ಎಸ್‌ಎಸ್‌ಡಿ ತೆವಳುತ್ತಿದ್ದ ಸಮಸ್ಯೆ

ಹಿಂದೆ ಕೇಳಿದ್ದು ಇಷ್ಟು: ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿ ಡಾಕ್‌ಗೆ (ಒಂದೇ ಕೇಬಲ್‌ನಲ್ಲಿ ಮಾನಿಟರ್, ಡ್ರೈವ್ ಎಲ್ಲ ಜೋಡಿಸುವ ಡಬ್ಬಿ) ಎಸ್‌ಎಸ್‌ಡಿ, ಅಂದರೆ ಹೊರಗಿನ ವೇಗದ ಸ್ಟೋರೇಜ್ ಡ್ರೈವ್, ಮಾತ್ರ ಹಾಕಿದರೆ ಸೆಕೆಂಡಿಗೆ 900 ಎಂಬಿ ಹತ್ತಿರ ಬರುತ್ತದೆ. ಜೊತೆಗೆ 4ಕೆ ಮಾನಿಟರ್ ಹಾಕಿದರೆ 40ಕ್ಕೆ ಇಳಿಯುತ್ತದೆ. ಸ್ಲೀಪ್‌ನಿಂದ ಎದ್ದಾಗ ಡ್ರೈವ್ ಕಾಣುವುದೇ ಇಲ್ಲ. ಹೆಚ್ಚಿನವರು ಡ್ರೈವರ್ (ಸಾಧನವನ್ನು ವಿಂಡೋಸ್ ಜೊತೆ ಮಾತಾಡಿಸುವ ಸಾಫ್ಟ್‌ವೇರ್) ತೊಂದರೆ ಅಂದಿರಿ. ಅರ್ಧ ಸರಿ.

ವೇಗದ ವಿಷಯಕ್ಕೂ ಡ್ರೈವರ್‌ಗೂ ಸಂಬಂಧವೇ ಇರಲಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ ಎಸ್‌ಪಿ ರೋಡ್‌ನಲ್ಲಿ ಒಬ್ಬ ಅಂಗಡಿಯವರು ಡಾಕ್ ತಿರುಗಿಸಿ ನೋಡಿ, "ಇದು ಥಂಡರ್‌ಬೋಲ್ಟ್ ಅಲ್ಲ ಸಾರ್, ಬರೀ ಯುಎಸ್‌ಬಿ-ಸಿ" ಅಂದರು. ಥಂಡರ್‌ಬೋಲ್ಟ್ ಅಂದರೆ ಅದೇ ಆಕಾರದ ಪೋರ್ಟ್‌ನಲ್ಲಿ ಬರುವ ಇನ್ನೂ ವೇಗದ ಸಂಪರ್ಕ. ಯುಎಸ್‌ಬಿ-ಸಿ ಕೇಬಲ್‌ನಲ್ಲಿ ವೇಗದ ಲೇನ್ (ಡೇಟಾ ಹೋಗುವ ದಾರಿ) ಇರುವುದು ನಾಲ್ಕೇ. ನನ್ನ ಡಾಕ್ 4ಕೆ 60 ಹರ್ಟ್ಸ್‌ಗೆ ನಾಲ್ಕನ್ನೂ ಮಾನಿಟರ್‌ಗೇ ಕೊಡುತ್ತದೆ. ಎಸ್‌ಎಸ್‌ಡಿಗೆ ಉಳಿಯುವುದು ಹಳೇ ಯುಎಸ್‌ಬಿ 2.0 ತಂತಿ, ಅಂದರೆ ಸೆಕೆಂಡಿಗೆ 480 ಮೆಗಾಬಿಟ್. 8 ಬಿಟ್‌ಗೆ ಒಂದು ಬೈಟ್, ಹಾಗಾಗಿ 60 ಎಂಬಿ; ನಿಜಕ್ಕೆ ಸಿಗುವುದು ಇನ್ನೂ ಕಡಿಮೆ. ಆ 40 ಎಂಬಿ ಲೆಕ್ಕ ಅಲ್ಲಿಂದ ಬಂತು! ಹೊಸ ಡಾಕ್‌ಗೆ ದುಡ್ಡು ಸುರಿಯುವ ಬದಲು ಮಾನಿಟರ್ ಅನ್ನು ಲ್ಯಾಪ್‌ಟಾಪ್‌ನ ಎಚ್‌ಡಿಎಂಐಗೇ ನೇರ ಹಾಕಿದೆ. ವೇಗ ವಾಪಸ್ ಬಂತು. ಅಂಗಡಿಯವರು ವ್ಯಾಪಾರ ಬಿಟ್ಟು ಸುಮ್ನೆ ಸಲಹೆ ಕೊಟ್ಟರು, ಪುಣ್ಯಾತ್ಮರು.

ಸ್ಲೀಪ್ ತೊಂದರೆ ಮಾತ್ರ ಡ್ರೈವರ್‌ದೇ ಇರಬಹುದು. ವಿಂಡೋಸ್ ತಾನಾಗಿ ಹಾಕಿದ್ದನ್ನು ಬಿಟ್ಟು, ಲ್ಯಾಪ್‌ಟಾಪ್ ತಯಾರಕರ ಸೈಟ್‌ನಿಂದ ಚಿಪ್‌ಸೆಟ್ (ಮದರ್‌ಬೋರ್ಡ್‌ನ ನಿಯಂತ್ರಣ ಚಿಪ್) ಡ್ರೈವರ್ ಮತ್ತು ಬಯೋಸ್ (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡುವ ಸಾಫ್ಟ್‌ವೇರ್) ಅಪ್‌ಡೇಟ್ ಹಾಕಿದೆ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ (ಸುಮ್ಮನಿರುವ ಯುಎಸ್‌ಬಿ ಸಾಧನವನ್ನು ಕರೆಂಟ್ ಉಳಿಸಲು ಮಲಗಿಸುವ ಸೆಟ್ಟಿಂಗ್) ಆಫ್ ಮಾಡಿದೆ. ಇವುಗಳಲ್ಲಿ ಯಾವುದು ಕೆಲಸ ಮಾಡಿತು ಅಂತ ಬಿಡಿಸಿ ನೋಡಲಿಲ್ಲ, ಡ್ರೈವ್ ಕಾಣುತ್ತಿದೆ, ಸಾಕು. ಬ್ಯಾಟರಿ ಸ್ವಲ್ಪ ಜಾಸ್ತಿ ಹೋಗಬಹುದು, ಮನೆಯಲ್ಲಿ ಚಾರ್ಜರ್ ಯಾವಾಗಲೂ ಹಾಕಿಯೇ ಇರುತ್ತದಲ್ವಾ.