ಪದಚರ್ಚೆ: ‘ಸ್ಟ್ರೇಟ್ ಪೂಲ್’ಗೆ ಕನ್ನಡದಲ್ಲಿ ಏನು? (ಶನಿವಾರ ಸಂಜೆಯೊಳಗೆ ಬೇಕು)

ಕುವೆಂಪುನಗರ, ಮೈಸೂರು. ಗುರುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಅಕ್ಕನ ಮಗ ಇಲ್ಲೇ ಔಷಧಿ ಅಂಗಡಿಯ ಮಹಡಿಯಲ್ಲಿ ನಾಲ್ಕು ಟೇಬಲ್ ಹಾಕಿ ಪೂಲ್ ಪಾರ್ಲರ್ ತೆರೆಯುತ್ತಿದ್ದಾನೆ. ಕೋಲಿನಿಂದ ಚೆಂಡು ಹೊಡೆದು ಟೇಬಲಿನ ಅಂಚಿನ ತೂತುಗಳಿಗೆ, ಅಂದರೆ ಪಾಕೆಟ್‌ಗಳಿಗೆ, ಬೀಳಿಸುವ ಆಟ. ಹೊರಗಿನ ಫಲಕದಲ್ಲಿ ಶೇಕಡ 60 ಕನ್ನಡ ಇರಬೇಕು ಎನ್ನುವ 2024ರ ತಿದ್ದುಪಡಿ ಇದೆಯಲ್ಲ, ಅದರ ಕೆಲಸ ಮುಗಿಯಿತು. ಈಗ ಒಳಗೆ ಗೋಡೆಗೆ ಹಾಕುವ ನಿಯಮಗಳ ಬೋರ್ಡೂ ಕನ್ನಡದಲ್ಲೇ ಆಗಬೇಕಂತೆ. ಕಾನೂನು ಅಷ್ಟು ಕೇಳುವುದಿಲ್ಲ, ಇವನು ಕೇಳುತ್ತಾನೆ. ‘ಚಿಕ್ಕಮ್ಮ ಬರೆದುಕೊಡ್ತಾರೆ’ ಅಂತ ಫ್ಲೆಕ್ಸ್ ಅಂಗಡಿಯವನಿಗೆ ಹೇಳಿ ಮುಂಗಡವೂ ಕೊಟ್ಟುಬಿಟ್ಟಿದ್ದಾನೆ.

ಏಟ್ ಬಾಲ್, ನೈನ್ ಬಾಲ್ ಎರಡನ್ನು ಎಂಟರ ಆಟ, ಒಂಬತ್ತರ ಆಟ ಅಂತ ಹೇಗೋ ಮಾಡಿಕೊಂಡೆ. ಮೂರನೆಯದಕ್ಕೆ ಸಿಕ್ಕಿಹಾಕಿಕೊಂಡಿದ್ದೇನೆ: ಸ್ಟ್ರೇಟ್ ಪೂಲ್. ಯಂತ್ರದ ಅನುವಾದಕ್ಕೆ ಹಾಕಿದರೆ ‘ನೇರ ಕೊಳ’ ಅಂದಿತು. ಹಾಗೆ ಬರೆದರೆ ಜನ ಟವೆಲ್ ಹಿಡಿದುಕೊಂಡು ಬರುತ್ತಾರೆ.

ಆಡುವವರನ್ನೇ ಕೇಳೋಣ ಅಂತ ಅವನ ಸ್ನೇಹಿತರು ಏಳು ಜನರನ್ನು ಕೇಳಿದೆ. ಎಲ್ಲರೂ ಕಾಲೇಜಿಗೆ ಚಕ್ಕರ್ ಹೊಡೆದು ಕೋಲು ಹಿಡಿದವರೇ. ಒಬ್ಬ ‘ಸೀದಾ ಹೊಡೆಯೋದಾ ಆಂಟಿ?’ ಅಂದ. ಇನ್ನೊಬ್ಬ ‘ಕುಶನ್‌ಗೆ ತಾಗಿಸದೆ ಹಾಕೋದಿರಬೇಕು’ ಅಂದ. ಕುಶನ್ ಅಂದರೆ ಟೇಬಲಿನ ಸುತ್ತ ಇರುವ ರಬ್ಬರಿನ ಅಂಚು. ಉಳಿದ ಐವರು ಹೆಸರೇ ಕೇಳಿರಲಿಲ್ಲ. ಅಕ್ಕನ ಮಗನಿಗೂ ಆಡಿ ಗೊತ್ತಿಲ್ಲ, ಎಲ್ಲೋ ನೋಡಿ ಆಸೆಪಟ್ಟಿದ್ದಾನೆ ಅಷ್ಟೆ.

ಬೇಕಾದದ್ದು ಮೂರು: ಆಟದ ಹೆಸರು, ‘ರನ್’, ‘ಬ್ರೇಕ್ ಬಾಲ್’. ಶನಿವಾರ ಸಂಜೆ ಐದಕ್ಕೆ ಮುದ್ರಣಕ್ಕೆ ಹೋಗುತ್ತದೆ.

—

ನಿವೃತ್ತ ಕನ್ನಡ ಮೇಷ್ಟ್ರು, ಮಂಡ್ಯ

‘ನೇರ ಪೂಲ್’ ಎಂದು ಯಾರಾದರೂ ಸೂಚಿಸುವ ಮುನ್ನವೇ ಹೇಳುತ್ತೇನೆ: ಅದು ಅರಿಸಮಾಸ. ‘ಸರಳ ಪೂಲ್’ ಎಂದರೂ ಅದೇ ದೋಷ. ಪಾಕೆಟ್ ಎನ್ನುವುದಕ್ಕೆ ‘ಕಿಸೆ’ ಎಂಬ ಅಚ್ಚ ಕನ್ನಡ ಪದ ಇದೆ. ಕಿಸೆಚೆಂಡು. ನೇರಗಿಸೆಚೆಂಡು. ಆದೇಶ ಸಂಧಿ ಮಾಡಿಕೊಳ್ಳಿ.

—

ಗುಳಿಚೆಂಡು, ಮೈಸೂರು

ಮೇಶ್ಟ್ರೇ, ಕಿಸೆ ಅಚ್ಚಗನ್ನಡ ಅಲ್ಲ, ಪಾರಸಿಯಿಂದ ಬಂದದ್ದು. ‘ನೇರಗಿಸೆಚೆಂಡು’ ಅಂತ ಗೋಡೆ ಮೇಲೆ ಬರೆದರೆ ಓದುವ ಹೊತ್ತಿಗೆ ಅವರ ಗಂಟೆ ಮುಗಿದಿರುತ್ತೆ.

ನಮ್ಮಲ್ಲಿ ಗುಳಿ ಇದೆ. ಅಳಗುಳಿಮಣೆಯ ಗುಳಿ, ಗೋಲಿಯಾಟದ ಗುಳಿ. ಪೂಲ್ ಅಂದರೆ ಗುಳಿಚೆಂಡು. ನಿಲ್ಲಿಸದೆ ಆಡುತ್ತಾ ಹೋಗುವ ಬಗೆ ಇದು ಅನ್ನುವುದಾದರೆ ‘ಬಿಡದ ಗುಳಿಚೆಂಡು’, ಕಿರಿದಾಗಿ ‘ಬಿಡದಾಟ’. ಎರವಲು ತರುವ ಮುಂಚೆ ಮನೆಯ ಕಣಜ ನೋಡಿಕೊಳ್ಳೋದು ಒಳ್ಳೇದು.

—

ನಿವೃತ್ತ ಮೇಷ್ಟ್ರು

‘ಮೇಶ್ಟ್ರೇ’ ಅಲ್ಲ, ‘ಮೇಷ್ಟ್ರೇ’. ಮೊದಲು ಅಕ್ಷರ ಸರಿ ಮಾಡಿಕೊಳ್ಳಿ, ಆಮೇಲೆ ಪದ ಕಟ್ಟುವಿರಂತೆ. ‘ಬಿಡದಾಟ’ ಕೇಳಿದರೆ ನನಗೆ ಬಿಡದಿಯ ತಟ್ಟೆ ಇಡ್ಲಿ ನೆನಪಾಗುತ್ತದೆ, ಆಟವಲ್ಲ.

—

ಕುಂಟೆಬಿಲ್ಲೆ, ಶ್ರೀರಂಗಪಟ್ಟಣ

ನೀವೆಲ್ಲ ಮೂಲವನ್ನೇ ಬಿಟ್ಟಿದ್ದೀರಿ. ಬಿಲಿಯರ್ಡ್ಸ್ ಎಂಬ ಮಾತೇ ನಮ್ಮ ‘ಬಿಲ್ಲೆ’ಯಿಂದ ಹೋದದ್ದು. ಬಿಲ್ಲೆಯನ್ನು ತಳ್ಳಿ ಮನೆಗೆ ಸೇರಿಸುವುದು ನಮ್ಮ ಹೆಣ್ಣುಮಕ್ಕಳು ಅಂಗಳದಲ್ಲಿ ಶತಮಾನಗಳಿಂದ ಆಡಿದ ಆಟ. ಟಿಪ್ಪುವಿನ ಕಾಲದಲ್ಲಿ ಇಲ್ಲಿ ಫ್ರೆಂಚರು ಇದ್ದರು ಎನ್ನುವುದನ್ನು ಮರೆಯಬೇಡಿ. ಹಾಗಾಗಿ ‘ನೇರಬಿಲ್ಲೆ’. ವಾಪಸ್ ಮನೆಗೆ ತಂದ ಹಾಗೂ ಆಯಿತು.

—

ಗುಂಪಿನ ನಿರ್ವಾಹಕ

ಬಿಲ್ಲೆ ಚಪ್ಪಟೆ, ಚೆಂಡು ಗುಂಡು. ಫ್ರೆಂಚಿನಲ್ಲಿ ‘ಬಿಲ್ಯಾರ್’ ಮೊದಲು ಕೋಲಿನ ಹೆಸರು, ಮತ್ತು ಆ ಪದ ಟಿಪ್ಪು ಹುಟ್ಟುವುದಕ್ಕೆ ಎಷ್ಟೋ ಮುಂಚಿನದು. ಮುಂದಕ್ಕೆ ಹೋಗೋಣ.

‘ಕೊಳ’ದ ಬಗ್ಗೆ ಒಂದು ಮಾತು. ಈಜುಕೊಳದ ಪೂಲ್ ಬೇರೆ, ಆಟದ ಪೂಲ್ ಬೇರೆ. ಇಂಗ್ಲಿಷಿನಲ್ಲಿ ಕಾಗುಣಿತ ಒಂದೇ ಆಗಿರುವುದು ಆಕಸ್ಮಿಕ. ಆಟದ್ದು ಫ್ರೆಂಚಿನ ‘ಪೂಲ್’, ಅಂದರೆ ಹೆಂಟೆ. ಎಲ್ಲರೂ ಒಟ್ಟಿಗೆ ಹಾಕಿ ಗೆದ್ದವನು ಎತ್ತಿಕೊಳ್ಳುವ ಪಣದ ದುಡ್ಡಿಗೆ ಆ ಹೆಸರು ಬಂತು. ಹಾಗಾಗಿ ಕೊಳ, ಕೆರೆ, ಕಟ್ಟೆ ಎಲ್ಲ ಕೈಬಿಡಿ. ಸರಸ್ವತೀಪುರಂನಲ್ಲಿ ವಿಶ್ವವಿದ್ಯಾಲಯದ ಈಜುಕೊಳ ಇದ್ದೇ ಇದೆ, ಕುವೆಂಪುನಗರದಲ್ಲಿ ಇನ್ನೊಂದು ಬೇಡ.

—

ಕುಂಟೆಬಿಲ್ಲೆ

ಹೆಂಟೆ ಒಪ್ಪುತ್ತೀರಿ, ಬಿಲ್ಲೆ ಒಪ್ಪುವುದಿಲ್ಲ. ಫ್ರೆಂಚರು ಹೇಳಿದರೆ ವೇದವಾಕ್ಯ.

—

ಹಳೇ ಕೋಲು, ಮಂಡ್ಯ

ಅಮ್ಮಾ ಕುವೆಂಪುನಗರದವರೇ, ನಾನು ಈ ಗುಂಪಿನಲ್ಲಿ ಬರೆಯೋನಲ್ಲ, ಬರೀ ಓದೋನು. ಆದರೆ ಇಲ್ಲಿ ಒಬ್ಬರಿಗೂ ಆಟ ಏನು ಅಂತ ಗೊತ್ತಿಲ್ಲದೆ ಹೆಸರಿಡುತ್ತಿರೋದು ನೋಡಿ ಸುಮ್ಮನಿರೋಕಾಗಲಿಲ್ಲ. ಹುಡುಗ ನೋಡದೆ ಜಾತಕ ಬರೆದಂಗೆ. ಕೆಲಸದ ಮೇಲೆ ಹನ್ನೊಂದು ವರ್ಷ ಅಮೆರಿಕದಲ್ಲಿದ್ದೆ, ಅಲ್ಲಿ ಒಬ್ಬ ಮುದುಕರು ಇದನ್ನ ಕಲಿಸಿದರು. ಅಲ್ಲೂ ಸಂಜೆ ಹೊತ್ತು ಬಂದು ಬಿಯರು ಕುಡೀತಾ ಕೋಲಾಡಿಸೋರಿಗೆ ಇದು ಗೊತ್ತಿರಲಿಲ್ಲ, ನಿಮ್ಮ ಏಳು ಹುಡುಗರನ್ನ ಬಯ್ಯಬೇಡಿ.

ಆಟ ಹಿಂಗೆ. ಹದಿನೈದು ಚೆಂಡು, ಅವನ್ನ ಹೊಡೆಯೋಕೆ ಒಂದು ಬಿಳೀದು. ಹದಿನೈದರಲ್ಲಿ ಯಾವುದನ್ನ ಬೇಕಾದರೂ ಹಾಕಬಹುದು. ಗೆರೆ ಚೆಂಡು ನಿಂದು, ಬಣ್ಣದ ಚೆಂಡು ನಂದು ಅನ್ನೋ ಪಾಲು ಇಲ್ಲ. ಆದರೆ ಯಾವ ಚೆಂಡು ಯಾವ ಪಾಕೆಟಿಗೆ ಅಂತ ಮೊದಲೇ ಹೇಳಿ ಹಾಕಬೇಕು. ಹೇಳಿದ್ದು ಬೀಳದೆ ಬೇರೆ ಯಾವುದೋ ಬಿದ್ದರೆ ಅದಕ್ಕೆ ಬೆಲೆ ಇಲ್ಲ. ಒಂದು ಚೆಂಡಿಗೆ ಒಂದೇ ಅಂಕ, ಎಂಟನೇ ಕರೀದಾದರೂ ಅಷ್ಟೆ. 100ಕ್ಕೋ 125ಕ್ಕೋ ಆಡ್ತಾರೆ, ದೊಡ್ಡ ಪಂದ್ಯ ಅಂದರೆ 150.

ಹದಿನೈದೇ ಚೆಂಡಲ್ಲಿ 150 ಎಲ್ಲಿಂದ ಬಂತು ಅಂತೀರಾ? ಇಲ್ಲೇ ಇರೋದು ಗಮ್ಮತ್ತು. ಹದಿನಾಲ್ಕು ಬಿದ್ದ ತಕ್ಷಣ ಆಟ ನಿಲ್ಲಿಸ್ತಾರೆ. ಆ ಹದಿನಾಲ್ಕನ್ನೂ ತೆಗೆದು ಮತ್ತೆ ತ್ರಿಕೋನದಲ್ಲಿ ಜೋಡಿಸ್ತಾರೆ, ಮುಂತುದಿಯ ಜಾಗ ಮಾತ್ರ ಖಾಲಿ. ಉಳಿದ ಒಂದು ಚೆಂಡೂ ಬಿಳೀದೂ ಇದ್ದ ಕಡೆನೇ ಇರ್ತವೆ. ಬ್ರೇಕ್ ಬಾಲ್ ಅನ್ನೋದು ಆ ಒಂಟಿ ಚೆಂಡಿಗೇ. ಈಗ ಅದನ್ನ ಪಾಕೆಟಿಗೂ ಕಳಿಸಬೇಕು, ಅದೇ ಏಟಲ್ಲಿ ಬಿಳೀ ಚೆಂಡು ಹೋಗಿ ಗುಂಪನ್ನೂ ಒಡೀಬೇಕು. ಒಡೆದರೆ ಮುಂದಿನ ಹದಿನಾಲ್ಕು ನಿಂದೇ. ಅದಕ್ಕೆ ಒಳ್ಳೆ ಆಟಗಾರ ಹತ್ತು ಚೆಂಡು ಇರುವಾಗಲೇ ‘ಕೊನೆಗೆ ಯಾವುದನ್ನ ಉಳಿಸಲಿ’ ಅಂತ ಲೆಕ್ಕ ಹಾಕ್ತಿರ್ತಾನೆ. ಉಳಿಸೋದೇ ವಿದ್ಯೆ, ಹಾಕೋದಲ್ಲ.

ಜೆರೋಮ್ ಕಿಯೋ ಅನ್ನೋ ಆಟಗಾರ 1910ರಲ್ಲಿ ಇದನ್ನ ತಂದ. ಅದಕ್ಕೆ ಮುಂಚೆ ಹದಿನೈದೂ ಮುಗಿಸಿ ಮತ್ತೆ ಹದಿನೈದೂ ಜೋಡಿಸ್ತಿದ್ದರು, ಆಗ ಗುಂಪು ಒಡೆಯೋಕೆ ಯಾರೂ ಮುಂದೆ ಬರ್ತಿರಲಿಲ್ಲ, ಒಡೆದವನ ಚೆಂಡನ್ನ ಎದುರಿನವನು ತಿಂತಾನಲ್ಲ. ಒಂದು ಚೆಂಡು ಬಿಟ್ಟಿದ್ದರಿಂದ ಆ ತಕರಾರು ತೀರಿತು. ಈಗಲೂ ಆಟದ ಮೊಟ್ಟಮೊದಲ ಏಟು ಮಾತ್ರ ಹಂಗೇ ಉಳಿದಿದೆ. ನಮ್ಮ ಹುಡುಗರು ಎಂಟರ ಆಟಕ್ಕೆ ಎದೆ ಬಿರಿಯೋ ಹಂಗೆ ಗುದ್ದುತಾರಲ್ಲ, ಇಲ್ಲಿ ಹಂಗೆ ಗುದ್ದಿದರೆ ಕೆಟ್ಟ. ಮೆಲ್ಲಗೆ ಅಂಚು ಸವರಿ, ಎರಡು ಚೆಂಡೂ ಬಿಳೀದೂ ಕುಶನ್ ಮುಟ್ಟಿ ಬರೋ ಹಂಗೆ ಮಾಡಿ, ಬಿಳೀದನ್ನ ದೂರ ಅಡಗಿಸಿಡಬೇಕು. ತಪ್ಪಿದರೆ ಎರಡು ಅಂಕ ಕಳೀತಾರೆ.

ಯಾರಿಗೂ ಯಾಕೆ ಗೊತ್ತಿಲ್ಲ ಅಂದರೆ, ಒಂದು ಕಾಲಕ್ಕೆ ಅಮೆರಿಕದಲ್ಲಿ ವಿಶ್ವ ಚಾಂಪಿಯನ್ ಅಂದರೆ ಈ ಆಟದ ಚಾಂಪಿಯನ್ ಅಂತಲೇ ಲೆಕ್ಕ. ವಿಲ್ಲಿ ಮಾಸ್ಕೋನಿ 1941ರಿಂದ 1957ರೊಳಗೆ ಹದಿನೈದು ಸಲ ಗೆದ್ದ. ಆಮೇಲೆ ಕಾಸು ಹಾಕೋ ಟೇಬಲ್ ಬಂದವು. ಅವುಗಳಲ್ಲಿ ಬಿದ್ದ ಚೆಂಡು ಹೊಟ್ಟೆಯೊಳಗೆ ಹೋಗುತ್ತೆ, ಮತ್ತೆ ಕಾಸು ಹಾಕೋವರೆಗೂ ವಾಪಸ್ ಬರಲ್ಲ. ಹದಿನಾಲ್ಕನ್ನ ತೆಗೆದು ತೆಗೆದು ಜೋಡಿಸೋ ಆಟ ಅದರ ಮೇಲೆ ಹೆಂಗೆ ಆಡ್ತೀರಿ? ಟೀವಿಯೋರಿಗೆ ಒಂಬತ್ತರ ಆಟ ಚೆನ್ನಾಗಿತ್ತು, ಐದು ನಿಮಿಷಕ್ಕೊಂದು ಗೆಲುವು. ಇಲ್ಲಿ ಒಬ್ಬ ಆಡ್ತಾ ಹೋದರೆ ಇನ್ನೊಬ್ಬ ಕುರ್ಚಿ ಮೇಲೆ ಕೂತು ಕಾಫಿ ಕುಡೀಬೇಕು. ನಿಮ್ಮ ಅಕ್ಕನ ಮಗ ಗಂಟೆ ಲೆಕ್ಕದಲ್ಲಿ ದುಡ್ಡು ತಗೊಂಡರೆ, ಕೂತೋನು ಅರ್ಧ ಯಾಕೆ ಕೊಡ್ತಾನೆ ಅಂತ ಮೊದಲು ಯೋಚಿಸಲಿ.

—

ಕುವೆಂಪುನಗರ

ಸಾರ್, ತುಂಬಾ ಉಪಕಾರವಾಯಿತು. ಆಟ ಈಗ ಕಣ್ಣಿಗೆ ಕಟ್ಟಿತು. ಕೇರಂನಲ್ಲಿ ನಾವು ಆಡುತ್ತಿದ್ದ ಪಾಯಿಂಟ್ ಆಟದ ದೊಡ್ಡಣ್ಣ ಇದ್ದ ಹಾಗಿದೆ. ‘ರನ್’ಗೆ ಏನು ಹಾಕಲಿ? ‘ಓಟ’ ಅಂದರೆ ಕ್ರಿಕೆಟ್ ಆಗುತ್ತದೆ.

—

ಗುಳಿಚೆಂಡು

ಸ್ನೂಕರಿನವರು ‘ಬ್ರೇಕ್’ ಅಂತಾರಲ್ಲ, ಅದಕ್ಕೆ ಒಂದು ಕನ್ನಡ ಪದ ಮಾಡಿ ಎರಡಕ್ಕೂ ಬಳಸಿ. ‘ಒಡೆತ’.

—

ಹಳೇ ಕೋಲು, ಮಂಡ್ಯ

ಕೆಟ್ಟಿತು. ಸ್ನೂಕರಿನಲ್ಲಿ 147ರ ಬ್ರೇಕ್ ಅಂದರೆ ಒಂದೇ ಸರದಿಯಲ್ಲಿ ಕೂಡಿಸಿದ ಅಂಕ. ಪೂಲಿನಲ್ಲಿ ಬ್ರೇಕ್ ಅಂದರೆ ಗುಂಪು ಒಡೆಯೋದು, ಕೂಡಿಸಿದ್ದಕ್ಕೆ ರನ್ ಅಂತಾರೆ. ಎರಡಕ್ಕೂ ‘ಒಡೆತ’ ಅಂದರೆ ಬೋರ್ಡ್ ಓದಿದ ಸ್ನೂಕರಿನವನು ಒಂದು ತಿಳೀತಾನೆ, ಪೂಲಿನವನು ಇನ್ನೊಂದು.

ರನ್‌ಗೆ ಹೊಸ ಪದ ಯಾಕೆ ಬೇಕು? ‘ಒಂದೇ ಸರದಿಗೆ’ ಅನ್ನಿ. ಮಾಸ್ಕೋನಿ 1954ರಲ್ಲಿ ಓಹಾಯೋದ ಸ್ಪ್ರಿಂಗ್‌ಫೀಲ್ಡಿನಲ್ಲಿ ಒಂದೇ ಸರದಿಗೆ 526 ಹಾಕಿದ. ಮೂವತ್ತೇಳು ಸಲ ಹದಿನಾಲ್ಕು, ಅದರ ಮೇಲೆ ಎಂಟು. 65 ವರ್ಷ ಅದು ಅಲ್ಲಾಡಲಿಲ್ಲ. 2019ರಲ್ಲಿ ಜಾನ್ ಶ್ಮಿಟ್ ಒಂದೇ ಸರದಿಗೆ 626, 2022ರಲ್ಲಿ ಜೇಸನ್ ಶಾ 714. ನೋಡಿ, ವಾಕ್ಯ ಎಲ್ಲಾದರೂ ಎಡವಿತೇ?

ಬ್ರೇಕ್ ಬಾಲ್ ‘ಉಳಿಚೆಂಡು’. ಉಳಿದದ್ದು, ಉಳಿಸಿದ್ದು, ಎರಡೂ ಸೇರಿತು.

—

ನಿವೃತ್ತ ಮೇಷ್ಟ್ರು

ಉಳಿಚೆಂಡು ಸಾಧು. ‘ಉಳಿ’ ಬಡಗಿಯ ಉಪಕರಣವೂ ಹೌದು, ಆದರೂ ಸಂದರ್ಭದಿಂದ ಗೊತ್ತಾಗುತ್ತದೆ. ಹೆಸರಿನ ವಿಷಯ ಇನ್ನೂ ಬಾಕಿ. ಸ್ಟ್ರೇಟ್ ಎಂದರೆ ಇಲ್ಲಿ ಗೆರೆಯಂಥ ನೇರವಲ್ಲ, ಬೆರಕೆಯಿಲ್ಲದ್ದು ಎಂದು ತೋರುತ್ತದೆ. ‘ಸಾದಾ’ ಎನ್ನುವುದು ಸರಿಯಾದ ಅರ್ಥ.

—

ಗುಳಿಚೆಂಡು

ಸಾದಾ ಕೂಡ ಪಾರಸಿ, ಮೇಶ್ಟ್ರೇ. ಕಿಸೆ ಆಯ್ತು, ಈಗ ಸಾದಾ. ನಿಮಗೆ ಇಂಗ್ಲಿಶ್ ಎರವಲು ಮಾತ್ರ ಮಯ್ಲಿಗೆ ಅಂತ ಕಾಣುತ್ತೆ.

—

ನಿವೃತ್ತ ಮೇಷ್ಟ್ರು

ಪಾರಸಿಯ ಪದ ನಮ್ಮ ಬಾಯಲ್ಲಿ ನೂರಾರು ವರ್ಷ ಪಳಗಿದೆ. ನಮ್ಮ ಅಜ್ಜಿ ಕಿಸೆ ಅಂದರು, ಪಾಕೆಟ್ ಅನ್ನಲಿಲ್ಲ. ಪಳಗಿದ್ದು ಕನ್ನಡ. ಪಳಗದ್ದನ್ನು ಕನ್ನಡ ಪದಕ್ಕೆ ಗಂಟು ಹಾಕಿದರೆ ಅರಿಸಮಾಸ. ಇದರಲ್ಲಿ ಕೋಪಕ್ಕೆ ಏನಿದೆ?

—

ಗುಂಪಿನ ನಿರ್ವಾಹಕ

ಮೇಷ್ಟ್ರೇ, ಅರಿಸಮಾಸದ ಬಗ್ಗೆ ವ್ಯಾಕರಣಕಾರ ಕೇಶಿರಾಜ ಹದಿಮೂರನೆಯ ಶತಮಾನದಲ್ಲಿ ಹೇಳಿದ್ದು ಸಂಸ್ಕೃತ-ಕನ್ನಡ ಬೆರಕೆಗೆ. ಬಿರುದಾವಳಿಗೆ ಅವನೇ ವಿನಾಯಿತಿಯನ್ನೂ ಕೊಟ್ಟಿದ್ದಾನೆ, ಅಂಗಡಿ ಬೋರ್ಡು ಬಿರುದಾವಳಿ ಅಲ್ಲದೆ ಇನ್ನೇನು? ಬಸ್‌ನಿಲ್ದಾಣ, ಟೀಪುಡಿ ಎಲ್ಲ ಬರೆಯುತ್ತಲೇ ಇದ್ದೇವೆ. ಬಂಡೀಪುರ ದಾಟಿದರೆ ಸಿಗುವ ಊಟಿಯಲ್ಲಿ 1882ರಲ್ಲಿ ಸ್ನೂಕರಿನ ನಿಯಮಗಳನ್ನು ಬರೆದು ಗೋಡೆಗೆ ಹಾಕಿದರು. ಇಷ್ಟು ಹತ್ತಿರದಲ್ಲಿ ಬೆಳೆದ ಆಟಕ್ಕೇ ನಾವು 140 ವರ್ಷದಲ್ಲಿ ಪದ ಮಾಡಲಿಲ್ಲ, ಸ್ನೂಕರ್ ಸ್ನೂಕರಾಗೇ ಉಳಿಯಿತು, ಯಾರಿಗೂ ಅಜೀರ್ಣ ಆಗಲಿಲ್ಲ.

ಎರವಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಶನಿವಾರದ ಗಡುವು ಇದೆ.

—

ಹಳೇ ಕೋಲು, ಮಂಡ್ಯ

‘ಸಾದಾ’ ಹಾಕಬೇಡಿ ಅಮ್ಮಾ. ಸಾದಾ ದೋಸೆ ಅಂದಂಗೆ, ಮಸಾಲೆಗೆ ದುಡ್ಡಿಲ್ಲದೋರು ಆಡೋದು ಅಂದ್ಕೋತಾರೆ. ಇದು ಎಲ್ಲಕ್ಕಿಂತ ಕಷ್ಟದ್ದು.

ಆಡೋರು ಇದಕ್ಕೆ ಇನ್ನೊಂದು ಹೆಸರು ಇಟ್ಟಿದಾರೆ: ಫೋರ್ಟೀನ್ ಒನ್. ಹದಿನಾಲ್ಕು ಜೋಡಿಸಿ ಒಂದು ಬಿಡೋದು. ಆಟದ ಗುಟ್ಟೆಲ್ಲ ಹೆಸರಲ್ಲೇ ಇದೆ. ಸ್ಟ್ರೇಟ್ ಅನ್ನೋದರಲ್ಲಿ ಏನೂ ಇಲ್ಲ, ಅದಕ್ಕೇ ನಿಮ್ಮ ಹುಡುಗರು ಸೀದಾ ಹೊಡೆಯೋದಾ ಅಂತ ಕೇಳಿದ್ದು. ಗೊತ್ತಿಲ್ಲದ ಆಟಕ್ಕೆ ಅರ್ಥ ಆಗೋ ಹೆಸರಿಡಿ.

—

ಕುವೆಂಪುನಗರ. ಶನಿವಾರ ಮಧ್ಯಾಹ್ನ

ಮುದ್ರಣಕ್ಕೆ ಹೋಗುವುದು ಹೀಗೆ, ದೊಡ್ಡ ಅಕ್ಷರದಲ್ಲಿ:

ಹದಿನಾಲ್ಕು-ಒಂದು
ಹದಿನಾಲ್ಕು ಹಾಕಿ, ಒಂದು ಉಳಿಸಿ. ಉಳಿಚೆಂಡನ್ನು ಹಾಕುತ್ತಲೇ ಹೊಸ ಗುಂಪನ್ನು ಒಡೆಯಿರಿ. ಚೆಂಡು, ಪಾಕೆಟ್ ಎರಡನ್ನೂ ಮೊದಲೇ ಹೇಳಿ. ಮೊದಲು 100 ಮುಟ್ಟಿದವರು ಗೆದ್ದರು.

ಕೆಳಗೆ ಸಣ್ಣದಾಗಿ ‘ಸ್ಟ್ರೇಟ್ ಪೂಲ್ ಎಂದೂ ಕರೆಯುತ್ತಾರೆ’ ಅಂತ ಸೇರಿಸಿದ್ದೇನೆ. ಪಾಕೆಟ್ ಪಾಕೆಟ್ಟಾಗೇ ಇದೆ, ಮೇಷ್ಟ್ರು ಕ್ಷಮಿಸಬೇಕು. ಇಷ್ಟನ್ನು ಕರಡಿನಲ್ಲಿ ಓದಿದ ಏಳು ಹುಡುಗರಲ್ಲಿ ಇಬ್ಬರು ಆಡಿಯೂ ನೋಡಿದರು. ಒಬ್ಬ ಒಂದೇ ಸರದಿಗೆ ನಾಲ್ಕು, ಇನ್ನೊಬ್ಬ ಆರು. ಉಳಿಚೆಂಡಿನ ತನಕ ಯಾರೂ ಹೋಗಲಿಲ್ಲ.

—

ನಿವೃತ್ತ ಮೇಷ್ಟ್ರು

ನಡುವೆ ಆ ಅಡ್ಡಗೆರೆ ಯಾಕೆ? ‘ಹದಿನಾಲ್ಕೊಂದು’. ಲೋಪಸಂಧಿ.

—

ಕುವೆಂಪುನಗರ

ಹೋಗಿಯಾಯಿತು ಮೇಷ್ಟ್ರೇ.

—

ಹಳೇ ಕೋಲು, ಮಂಡ್ಯ

ಟೇಬಲಿನ ಮೇಲೆ ಅಡ್ಡಕ್ಕೆ ಒಂದು ತಂತಿ ಕಟ್ಟಿಸಿ ಮರದ ಮಣಿ ಪೋಣಿಸೋಕೆ ಹೇಳಿ. ಹಳೇ ಕಾಲದಲ್ಲಿ ಅಂಕ ಹಂಗೇ ಎಣಿಸ್ತಿದ್ದರು, ಕೋಲಿನ ತುದಿಯಿಂದ ಮಣಿ ಸರಿಸಿಕೊಂಡು. ಮಣಿ ಸಿಗದಿದ್ದರೆ ನಾನು ಇಲ್ಲಿಂದ ತರ್ತೀನಿ. ಭಾನುವಾರ ಹನ್ನೊಂದರ ಬಸ್ಸಿಗೆ ಬರ್ತೀನಿ, ಆ ಆರು ಹಾಕಿದ ಹುಡುಗನ್ನ ಇರೋಕೆ ಹೇಳಿ.