ಮುಳುಗಡೆ ಊರಿನ ಕಥೆಯ ಗೇಮ್: ಕೆಲಸ ಬಿಡಲಾ? ಅನುಭವ ಇದ್ದವರು ಹೇಳಿ

ಹೊಸನಗರದ ಹುಡುಗ: ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದ ಕಾಲದ ಒಂದು ಊರಿನ ಮೇಲೆ ಗೇಮ್ ಮಾಡುತ್ತಿದ್ದೇನೆ. ಹಿನ್ನೀರು ದಾಟಿಸುವ ಹೊಳೆಬಾಗಿಲು ಲಾಂಚ್‌ನಲ್ಲಿ ಅಜ್ಜಿ ಮೊಮ್ಮಗಳಿಗೆ ನೀರು ತೋರಿಸುವಲ್ಲಿ ಕಥೆ ಶುರು. ಯಾವ ಮನೆ ಮೊದಲು ಖಾಲಿ ಮಾಡಬೇಕು, ಏನು ಹೊತ್ತುಕೊಂಡು ಹೋಗಬೇಕು ಅಂತ ಆಡುವವರು ಆರಿಸಬೇಕು. ಕನ್ನಡದಲ್ಲೇ ಬರೆಯಲಾ? ಬೆಂಗಳೂರಿನ ಕೆಲಸ ಬಿಡಲಾ?

ಸಾಗರದವ: ಕನ್ನಡ ಅಂದಿರಲ್ಲ, ಕೇಳಿ. 2021ರಲ್ಲಿ ನಾನು ಗೊಡೊ 3 ಅನ್ನೋ ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಶುರು ಮಾಡಿದೆ. ಒತ್ತಕ್ಷರ ಕೆಳಗೆ ಕೂರಲೇ ಇಲ್ಲ. ಕೊನೆಗೆ ಒಂದೊಂದು ಮಾತನ್ನೂ ಚಿತ್ರ ಮಾಡಿ ಅಂಟಿಸಿದೆ. 640 ಚಿತ್ರ! ‘ಹೋದನು’ ತೆಗೆದು ‘ಹೋದ’ ಅಂತ ಮಾಡಬೇಕಂದರೂ ಹೊಸ ಚಿತ್ರ. 2023ರಲ್ಲಿ ಗೊಡೊ 4 ಬಂತು, ಅಕ್ಷರ ತಾನೇ ಸರಿಯಾಗಿ ಕೂತಿತು. ನನ್ನ 14 ತಿಂಗಳು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ 100 ಡಾಲರ್ ಬೇರೆ ಕಟ್ಟಿದ್ದೆ. 1000 ಡಾಲರ್ ವ್ಯಾಪಾರ ಆದರೆ ಅದು ವಾಪಸ್ ಬರುತ್ತೆ. ಹೋಗಿದ್ದು 37 ಪ್ರತಿ. ಅದರಲ್ಲಿ 11 ನೆಂಟರದ್ದು.

ತೀರ್ಥಹಳ್ಳಿಯಾಕೆ: ನಾನು ಕವಲೊಡೆಯುವ ಕಥೆ ಬರೆಯುವ ಟ್ವೈನ್ ಸಾಫ್ಟ್‌ವೇರ್‌ನಲ್ಲಿ ಬರೆದೆ. ಏಳು ಕಡೆ ಎರಡೆರಡು ದಾರಿ ಇಟ್ಟೆ, ಯಾವುದನ್ನೂ ಮತ್ತೆ ಸೇರಿಸಲಿಲ್ಲ. ಲೆಕ್ಕ ಹಾಕಿ, 128 ಕೊನೆ! ಎರಡು ಮಳೆಗಾಲ ಅದಕ್ಕೇ ಹೋಯಿತು. ಕರೆಂಟ್ ಇಲ್ಲ ಅಂತ ಯುಪಿಎಸ್ ಬ್ಯಾಟರಿಗೆ 14,500 ರೂಪಾಯಿ ಸುರಿದೆ. ಆಡಿದವರು ಮೂರು ಕೊನೆ ನೋಡಿ ಸಾಕು ಅಂದರು. ಬುದ್ಧಿ ಬಂದಿದ್ದು ಒಂದು ತಾಳಮದ್ದಳೆಯಲ್ಲಿ, ಅದೇ ವೇಷ ಇಲ್ಲದೆ ಕೂತು ಮಾತಾಡುವ ಯಕ್ಷಗಾನದಲ್ಲಿ. ಕರ್ಣ ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು, ಪದ್ಯವೂ ಬದಲಾಗಲ್ಲ. ಆದರೂ ಪಾತ್ರವಾಗಿ ಮಾತಾಡುವ ಅರ್ಥಧಾರಿ ಇವತ್ತು ಏನು ಮಾತಾಡುತ್ತಾರೆ ಅಂತ ಬೆಳಗಿನವರೆಗೆ ಕೂತಿರುತ್ತೇವೆ, ಅಲ್ವಾ? ಈಗ ನನ್ನ ಗೇಮಿಗೆ ಒಂದೇ ಕೊನೆ. ಆಡುವವರು ಆರಿಸುವುದು ಮಾತನ್ನು ಮಾತ್ರ.

ಸಾಗರದವ: ಒಂದೇ ಕೊನೆ ಅಂದರೆ ಗೇಮ್ ಯಾಕೆ, ಕಾದಂಬರಿ ಬರೀರಿ ಅಕ್ಕ.

ತೀರ್ಥಹಳ್ಳಿಯಾಕೆ: 37 ಪ್ರತಿ ಮಾರಿದವರು ಹೇಳಿದ ಮೇಲೆ ಕೇಳಲೇಬೇಕಪ್ಪ. ಓ, ನೆಂಟರನ್ನು ಬಿಟ್ಟು 26.

ಮುಳುಗಡೆ ಮನೆಯವ: ನಮ್ಮಜ್ಜನ ಮನೆ ನಿಮಗೆಲ್ಲ ಒಂದು ಲೆವೆಲ್ಲಾ? ಏನು ಹೊರಬೇಕು ಅಂತ ಆರಿಸುವುದಂತೆ! ಹಂಚು ಇಳಿಸಿದರು, ಬಾಗಿಲು ಕಿತ್ತರು, ದನ ಹೊಡೆದುಕೊಂಡು ಬಂದರು. ತೋಟವನ್ನು ಹೊತ್ತು ತರೋಕಾಗುತ್ತಾ? ಹಕ್ಕುಪತ್ರಕ್ಕೆ ಅಪ್ಪ ಓಡಾಡಿದರು, ಈಗ ನಾನು ಓಡಾಡುತ್ತಿದ್ದೇನೆ. ಹಿಂದೆ ಒಬ್ಬರು ಇದೇ ಥರ ಗೇಮ್ ಮಾಡುತ್ತೇನೆ ಅಂದರು. ಎರಡು ವರ್ಷ ಕಾಸಿಲ್ಲದೆ ಕಥೆ ಬರೆದುಕೊಟ್ಟೆ. ನೀರು 1819 ಅಡಿ, ಅಂದರೆ ಅಣೆಕಟ್ಟು ತುಂಬುವ ಮಟ್ಟ, ಮುಟ್ಟಿದರೆ ಗೇಮ್ ಓವರ್ ಅಂತ ಇಟ್ಟರು. ನಮಗೆ ಶುರುವಾಗಿದ್ದೇ ಅಲ್ಲಿಂದ ಮಾರಾಯ್ರೆ. ಹೆಸರು ತೆಗೆಸಿ ಹೊರಬಂದೆ. ಈಗಲೂ ಸಮಾಧಾನ ಇದೆ.

ತುಮರಿ ಕಡೆಯವ: ಅದಿರಲಿ, ಲಾಂಚ್ ಎಲ್ಲಿದೆ ಈಗ? 2025ರ ಜುಲೈನಲ್ಲೇ ಸಿಗಂದೂರು ಸೇತುವೆ ಆಯಿತಲ್ಲ.

ಸಾಗರದವ: ಆ ಲಾಂಚ್‌ನ ಚಂದ ಸೇತುವೆಗೆ ಎಲ್ಲಿಂದ ಬರಬೇಕು?

ತುಮರಿ ಕಡೆಯವ: ಚಂದವಂತೆ! ರಾತ್ರಿ ಲಾಂಚ್ ಇಲ್ಲದೆ, ಹೆರಿಗೆ ನೋವಿನ ಹೆಂಡತಿಯನ್ನು ಕಟ್ಟಿಕೊಂಡು ದಡದಲ್ಲಿ ಕೂತಿದ್ದೀರಾ ಯಾವತ್ತಾದರೂ? ಭಾನುವಾರ ಫೋಟೋ ತೆಗೆಯೋಕೆ ಬರುವವರಿಗೆ ಚಂದ.

ಸಾಗರದವ: ನಾನು ಟೂರಿಸ್ಟ್ ಅಲ್ಲ ಸ್ವಾಮಿ, ಇಲ್ಲೇ ಹುಟ್ಟಿದವನು.

ಹೊಸನಗರದ ಹುಡುಗ: ಕೆಲಸದ ವಿಷಯ ಯಾರೂ ಹೇಳಲಿಲ್ಲ...

ತುಮರಿ ಕಡೆಯವ: ಮೊದಲು ಆ ಲಾಂಚ್‌ನಲ್ಲಿ ಒಂದು ರಾತ್ರಿ ಸೇರಿಸಿ, ಆಮೇಲೆ ಮಾತಾಡೋಣ.